ಹ್ಯಾಂಡ್‌ಪೋಸ್ಟಿನ ಜಗಲಿಯಲ್ಲಿ ಸರಪಳಿ ಬಿಗಿಸಿಕೊಂಡ ಕ್ವಿನೈನು

ಬೈಸಿಕಲ್ ಕಂದಾಯದ ಮಾನ್ಯ ಅಧಿಕಾರಿಗಳೇ,

ಕಂದಾಯ ಕಟ್ಟಿದ ಗುರುತಾಗಿ ಹುಣಸೂರಿನ ತಗಡಿನ ಬಿಲ್ಲೆ ಕಟ್ಟಿಕೊಂಡು ತಮ್ಮ ಸರಹದ್ದಿನ ನೆಲ ಮುಟ್ಟಿದ ಅಪರಾಧಕ್ಕಾಗಿ ತಾವು ಮೂರು ಬೈಸಿಕಲ್‌ಗಳನ್ನು ಹ್ಯಾಂಡ್‌ಪೋಸ್ಟ್ ಊರಿನ ಕಚೇರಿ ಜಗಲಿಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದೀರಿ. ಬೈಸಿಕಲ್‌ಗಳ ಬಗ್ಗೆ ನನ್ನ ತಕರಾರಿಲ್ಲ. ಅವುಗಳ ಬೆನ್ನಿಗೆ ಬಿಗಿದ ತಗಡಿನ ಪೆಟ್ಟಿಗೆಗಳಲ್ಲಿ ಅಂತರಸಂತೆಯ ಚಳಿಜ್ವರದವರಿಗೆಂದು ನಾವು ಒಯ್ಯುತ್ತಿದ್ದ ಕ್ವಿನೈನ್ ಮಾತ್ರೆ ಇದೆ. ಅದಕ್ಕೂ ತಾವು ಅರಗಿನ ಮುದ್ರೆ ಒತ್ತಿದ್ದೀರಿ. ಜ್ವರಕ್ಕೆ ಮಾತ್ರ ಒತ್ತುವುದನ್ನು ಮರೆತಿದ್ದೀರಿ.

ತಮಗೆ ಬರೆದ ಕನ್ನಡದ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಆದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಓದದಿದ್ದರೂ ತಮ್ಮ ಕಚೇರಿಯಲ್ಲಿ ಯಾರಾದರೂ ಈ ಹಾಳೆಯಲ್ಲಿ ಬೋಂಡ ಕಟ್ಟಿಸಿಕೊಂಡು ಬಂದಾಗ ಕಣ್ಣಿಗೆ ಬೀಳಲಿ.

ನಾವು ಮೂವರು ಗೆಳೆಯರು: ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವ ಶಿವನಂಜಪ್ಪ, ಹುಣಸೂರಿನಲ್ಲಿ ತಗಡಿನ ಕೆಲಸ ಮಾಡುವ ಗಯಾಸುದ್ದೀನ್, ಮತ್ತು ಬಿ.ಎ. ಮಾಡಿಯೂ ಮರದ ಡಿಪೋದಲ್ಲಿ ಗುಮಾಸ್ತನಾಗಿರುವ ನಾನು. ಮೂವರಿಗೂ ನಲವತ್ತು ದಾಟಿದೆ. ಮಂಡಿಗಳು ಸರಪಳಿಗಿಂತ ಹೆಚ್ಚು ಸದ್ದು ಮಾಡುತ್ತವೆ. ಕಾಡಂಚಿನ ಅಂತರಸಂತೆಯಲ್ಲಿ ಜನ ಹಾಸಿಗೆ ಹಿಡಿದಿದ್ದಾರೆಂದು ಕೇಳಿ, ಪಿರಿಯಾಪಟ್ಟಣದಿಂದ ಕೃಷ್ಣರಾಜನಗರ, ಅಲ್ಲಿಂದ ಹುಣಸೂರು ಎಂದು ಊರೂರು ತುಳಿದೆವು. ಕೆಲವರಿಗೆ ನಶ್ಯದ ಚಟ, ನನಗೆ ಪ್ರಾಸದ ಚಟ. ಬಾಗಿಲು ಬಾಗಿಲಿಗೆ ನಿಂತು ಹಾಡಿದ್ದು ಇದು:

ಚಕ್ರ ಉರುಳಲಿ, ಚಳಿಜ್ವರ ತೆರಳಲಿ;
ಹಿಡಿ ರಾಗಿ ಕೊಡಿ ತಾಯಿ, ಮುಚ್ಚಲಿ ಜ್ವರದ ಬಾಯಿ.

ಜನ ಕೊಟ್ಟರು. ರಾಗಿ, ಹುರುಳಿ, ಮೊಟ್ಟೆ, ಒಬ್ಬಾಕೆ ಬಯ್ಯುತ್ತಲೇ ಒಂದು ಹುಂಜ. ಅದನ್ನೆಲ್ಲ ಮಾರಿ ಮೈಸೂರಿನಿಂದ ಮಾತ್ರೆ ತರಿಸಿದೆವು. ತಮ್ಮ ಕಡೆಗೆ ಬರುವ ಕೋಟೆ ರಸ್ತೆಯ ಹಳ್ಳಗಳಲ್ಲಿ ಕುಲುಕಿ ಬೀಳಬಾರದೆಂದು ಗಯಾಸುದ್ದೀನ್ ಪೆಟ್ಟಿಗೆಗಳನ್ನು ಬೈಸಿಕಲ್ಲಿಗೇ ರಿವೆಟ್ ಬಡಿದು ಕೂರಿಸಿದ. ಅವನ ಕೆಲಸ ಗಟ್ಟಿ. ಅದೇ ನಮಗೆ ಮುಳುವಾಯಿತು: ಬೈಸಿಕಲ್ ಹಿಡಿದವರ ಕೈಗೆ ಔಷಧವೂ ಸಿಕ್ಕಿಬಿತ್ತು.

ತಮಗೆ ನೆನಪಿರಬಹುದು. ನಾವು ಇಳಿದು ಬೆವರು ಒರೆಸಿಕೊಂಡು ಯಾತ್ರೆಯ ಉದ್ದೇಶವನ್ನು ಪ್ರಾಸಸಹಿತ ಅರಿಕೆ ಮಾಡಿದಾಗ ತಾವು, “ಪ್ರಾಸ ಚೆನ್ನಾಗಿದೆ ರೀ. ನಮ್ಮ ಬಿಲ್ಲೆ ಎಲ್ಲಿ?” ಎಂದಿರಿ. ಕಂದಾಯ ಇಲ್ಲೇ ಕಟ್ಟುತ್ತೇವೆ, ಬಿಲ್ಲೆ ಕೊಡಿ ಎಂದೆವು. ಬಿಲ್ಲೆ ಮುಗಿದಿದೆ, ಮೈಸೂರಿನಿಂದ ಬರಬೇಕು ಎಂದಿರಿ. ಇಲ್ಲದ ಬಿಲ್ಲೆಯನ್ನು ಕಟ್ಟಿಕೊಳ್ಳದೆ ಬಂದದ್ದು ನಮ್ಮ ತಪ್ಪು, ಒಪ್ಪಿದೆವು.

ಆಗ ಗಯಾಸುದ್ದೀನ್, ತಗಡು ಕಂಡರೆ ಕೈ ತುರಿಸುವ ಮನುಷ್ಯ, ಕೈಮುಗಿದು ಹೇಳಿದ: “ಒಂದು ತಗಡಿನ ಚೂರು ತಾನೆ ಸ್ವಾಮಿ? ಕತ್ತರಿ ಚೀಲದಲ್ಲೇ ಅದೆ. ನೀವು ಹೂಂ ಅಂದ್ರೆ ಇಲ್ಲೇ ಕೂತ್ಕಂಡು ಹೊಡ್ಕೊಡ್ತೀನಿ. ನಿಮ್ಮ ಕಚೇರಿಗೂ ಒಂದು ಬುಟ್ಟಿ ಬಿಲ್ಲೆ ಮಾಡಿ ಮಡಗ್ತೀನಿ, ಇನ್ನೊಬ್ರಿಗೆ ಆಯ್ತದೆ.”

ಸಹಾಯ ಮಾಡುವ ಮಾತನ್ನು ಸಹಾಯವೆಂದೇ ತಿಳಿಯುವ ರೂಢಿ ಹುಣಸೂರಿನ ತಗಡಿನ ಬೀದಿಯಲ್ಲಿದೆ. ತಮ್ಮ ಕಚೇರಿಯಲ್ಲಿ ಅದು ಸರ್ಕಾರದ ಬಿಲ್ಲೆಯನ್ನು ಖೋಟಾ ಮಾಡುವ ಸಂಚು. ತಾವು ಲೇಖನಿ ಎತ್ತಿದಿರಿ. ಕಂದಾಯದ ಪ್ರಕರಣ ಖೋಟಾ ಪ್ರಕರಣವಾಯಿತು, ಬೈಸಿಕಲ್ ಸಾಕ್ಷಿಯಾಯಿತು, ಮಾತ್ರೆ ಸಾಕ್ಷಿಯ ಬಾಲವಾಯಿತು.

ನಮಗೆ ದಾರಿ ತೋರಿಸಲೆಂದು ಅಂತರಸಂತೆಯಿಂದ ನಡೆದು ಬಂದಿದ್ದ ಮುದ್ದಯ್ಯ ಅಷ್ಟು ಹೊತ್ತೂ ಜಗಲಿಯ ಕೆಳಗೇ ನಿಂತಿದ್ದ. ಕೊನೆಗೆ ಅವನೇ ಬಾಯಿ ಬಿಟ್ಟ. “ನನ್ನ ಎಂಡ್ರು ಮಾರಮ್ಮ ನಡುಗ್ತಾ ಬಿದ್ದವ್ಳೆ ಬುದ್ಧಿ. ಸೈಕಲ್ ನೀವೇ ಮಡೀಕಳಿ. ಒಂದು ಪೊಟ್ಣ ಕೊಡ್ಸಿ, ಓಯ್ತೀನಿ.”

“ಒಂದು ಪೊಟ್ಟಣ ತೆಗೆದರೂ ಮಹಜರು ಸುಳ್ಳಾಗುತ್ತಪ್ಪ,” ಎಂದಿರಿ ತಾವು. ಬೈದು ಹೇಳಲಿಲ್ಲ, ನಿಜ. ಬಹಳ ಮೃದುವಾಗಿಯೇ ಹೇಳಿದಿರಿ.

ನಾವು ಮುದ್ದಯ್ಯನ ಹಿಂದೆ ಬರಿಗೈಯಲ್ಲಿ ನಡೆದೆವು. ಮನೆಯ ಮುಂದೆ ಅವನ ತಾಯಿ ಚಿಕ್ಕಸಿದ್ದಮ್ಮ ನಮ್ಮ ಕಾಲಿಗೆಂದು ಬಿಸಿನೀರು ಇಟ್ಟುಕೊಂಡು ಕೂತಿದ್ದಳು.

“ಸೈಕಲ್ ಮ್ಯಾಲೆ ಬತ್ತಾರೆ ಅಂದ್ರು, ನಡ್ಕಂಡು ಬಂದ್ರಲ್ಲಪ್ಪ?”

“ಸೈಕಲ್ಲು ಸರ್ಕಾರದ ಮನೇಲಿ ಬೀಗರೂಟಕ್ಕೆ ಕೂತವೆ ಕಣವ್ವ,” ಎಂದ ಶಿವನಂಜಪ್ಪ.

“ಅವು ಉಣ್ಲಿ ಬುಡು. ನನ್ನ ಸೊಸೆ ಕೂಳು ಬುಟ್ಟವ್ಳೆ. ಔಸ್ದಿ ತಂದ್ರಾ?”

ಮೂವರೂ ಅವಳು ಇಟ್ಟ ನೀರಿನಲ್ಲಿ ಕಾಲು ತೊಳೆದುಕೊಂಡೆವು.

ಮಾರಮ್ಮ ಅದೇ ವಾರ ಹೋದಳು. ಮಾತ್ರೆ ನುಂಗಿದ್ದರೆ ಉಳಿಯುತ್ತಿದ್ದಳೇ? ನಾನು ವೈದ್ಯನಲ್ಲ, ಹೇಳಲಾರೆ. ನುಂಗದೆ ಉಳಿಯಲಿಲ್ಲ, ಅಷ್ಟು ಹೇಳಬಲ್ಲೆ. ತಮ್ಮ ಕಾನೂನನ್ನು ನಾನು ದೂರುವುದಿಲ್ಲ; ಮಹಾರಾಜರ ಸೀಮೆಯಲ್ಲಿ ಕಂದಾಯ ಕಟ್ಟದೆ ಯಾರೂ ತಿರುಗಬಾರದು. ನನ್ನದೊಂದೇ ಸಂದೇಹ. ಸೊಳ್ಳೆಗಳು ಯಾವ ಊರಿನ ಬಿಲ್ಲೆ ಕಟ್ಟಿಕೊಂಡು ತಮ್ಮ ಸರಹದ್ದು ದಾಟುತ್ತಿವೆ? ಅವುಗಳಲ್ಲಿ ಒಂದನ್ನಾದರೂ ತಮ್ಮ ಜವಾನ ಹಿಡಿದು ಕಂಬಕ್ಕೆ ಕಟ್ಟಿದ್ದಾನೆಯೇ? ಮಹಜರು ಸುಳ್ಳಾಗಬಾರದೆಂಬ ತಮ್ಮ ಕಾಳಜಿ ದೊಡ್ಡದು, ಅದು ಸುಳ್ಳಾಗಲಿಲ್ಲ. ಸುಳ್ಳಾದವರು ನಾವು, ಹಿಡಿ ರಾಗಿ ಕೊಟ್ಟ ಮನೆಮನೆಯ ತಾಯಂದಿರ ಮುಂದೆ.

ಈಗ ಮುದ್ದಯ್ಯನ ಮಗಳಿಗೂ ಸಂಜೆಯಾದರೆ ಚಳಿ ಹತ್ತುತ್ತಿದೆ. ಅವನು ಮತ್ತೆ ತಮ್ಮ ಜಗಲಿಗೆ ಬರುತ್ತಾನೆ. ಹೋಗು ಎಂದು ನಾನೇ ಹೇಳಿದ್ದೇನೆ. ಈ ಪತ್ರಿಕೆ ತಮ್ಮ ಮೇಜಿಗೆ ಬರುವ ದಿನವೇ ಬಾ ಎಂದೂ ಹೇಳಿದ್ದೇನೆ. ತಲೆ ಎತ್ತಿ ಹೊರಗೆ ನೋಡಿ, ನಿಂತಿರುತ್ತಾನೆ.

ಬೈಸಿಕಲ್‌ಗಳನ್ನು ಇಟ್ಟುಕೊಳ್ಳಿ, ಹರಾಜು ಹಾಕಿ, ತಾವೇ ಸವಾರಿ ಮಾಡಿ. ಗಯಾಸುದ್ದೀನನ ಮೇಲಿನ ಪ್ರಕರಣವನ್ನೂ ನಡೆಸಿ, ಅವನು ಕೋರ್ಟಿಗೆ ಬರುತ್ತಾನೆ. ಆದರೆ ಇಂದೇ ಆ ಮುದ್ರೆ ಒಡೆದು, ಪೆಟ್ಟಿಗೆಗಳನ್ನು ಬರಿದು ಮಾಡಿ, ಮಾತ್ರೆಯನ್ನೆಲ್ಲ ಮುದ್ದಯ್ಯನ ಕೈಗೆ ಕೊಡಿ. ಮಹಜರಿನಲ್ಲಿರುವ ಮಾಲು ಪೆಟ್ಟಿಗೆಯಲ್ಲಿ ಏಕಿಲ್ಲ ಎಂದು ಮೇಲಿನವರು ಕೇಳಿದರೆ, ಹುಣಸೂರಿನ ಗುಮಾಸ್ತನೊಬ್ಬ ಬಂದು ಮುದ್ರೆ ಒಡೆದು ಕದ್ದೊಯ್ದ ಎಂದು ಬರೆದುಕೊಳ್ಳಿ. ತಪ್ಪೊಪ್ಪಿಗೆಗಾಗಿ ನನ್ನನ್ನು ಹುಡುಕಿಸುವ ಶ್ರಮ ಬೇಡ. ಈ ಹಾಳೆಯನ್ನೇ ಕತ್ತರಿಸಿ ಲಗತ್ತಿಸಿ, ರುಜು ಹಾಕಿದ್ದೇನೆ.

ಇಂತಿ,
ತಮ್ಮ ಜಗಲಿಯಿಂದ ಕ್ವಿನೈನು ಕದ್ದ
ವೀರಭದ್ರಸ್ವಾಮಿ, ಬಿ.ಎ.
ಮರದ ಡಿಪೋ, ಹುಣಸೂರು