ಹಳದಿ ಇಲ್ಲದ ಹಕ್ಕಿ

ಡಿಸೆಂಬರ್ 9, ಶನಿವಾರ

ಸ್ಯಾಂಡ್‌ವಿಚ್ ಕಟ್ಟಿದ್ದು ಮತ್ತೆ ನಾನೇ. ಬ್ರೆಡ್ಡಿನ ಅಂಚು ಕತ್ತರಿಸಬಾರದು, ಟೀ ಫ್ಲಾಸ್ಕಿನಲ್ಲಿ, ಹಾಲು ಬೇರೆ ಬಾಟಲಿಯಲ್ಲಿ. ಮದುವೆಯಾದಂದಿನಿಂದ ಚಳಿಗಾಲದ ವಾರಾಂತ್ಯ ಎಂದರೆ ಇಷ್ಟೇ — ಕಡಲ ಒಡ್ಡು, ಮಂಜು, ಲೆಸ್ಲಿಯ ಬೆನ್ನು. ಅವನು ಹೆಬ್ಬಾತು ಎಣಿಸಿದ, ನಾನು ಹೂಂಗುಟ್ಟಿದೆ.

ಎದುರು ಸಿಕ್ಕ ಜೋಡಿ "ಏನಾದ್ರೂ ಇದೆಯಾ?" ಎಂದು ಕೇಳಿತು. ನನ್ನನ್ನಲ್ಲ, ಅವನನ್ನು. ಜಿಲ್ಲೆಯ ದಾಖಲೆ ಸಮಿತಿಯವರಲ್ಲವೆ. ಯಾರು ಯಾವ ಅಪರೂಪದ ಹಕ್ಕಿ ಕಂಡೆ ಎಂದರೂ ಹೌದೋ ಅಲ್ಲವೋ ಎಂದು ತೀರ್ಪು ಕೊಡುವ ಐವರಲ್ಲಿ ಇವನೊಬ್ಬ. ನಾನು ಫ್ಲಾಸ್ಕ್ ಹೊರುವವಳು. ನನಗೂ ಕಣ್ಣಿದೆ ಎಂಬುದು ಯಾರಿಗೂ ಹೊಳೆದಂತಿಲ್ಲ.

ಕಾಲ್ಬೆರಳು ಊದಿದೆ. ಬಿಸಿನೀರಿಗೆ ಇಟ್ಟಿದ್ದೇನೆ.

ಡಿಸೆಂಬರ್ 10, ಸಂಜೆ 4

ಕೋಟು ಬಿಚ್ಚದೆಯೇ ಬರೆಯಲು ಕೂತಿದ್ದೇನೆ. ಚಳಿಗಲ್ಲ.

ಬೀಟ್ ಹೊಲದ ಮೂಲೆ. ರೈತ ಹೆರಿಕ್ ಜೊಳ್ಳು ಕಾಳು ಚೆಲ್ಲುವ ಜಾಗ. ಹಳದಿ ಬಂಟಿಂಗ್‌ಗಳ ಹಿಂಡು ಕೂತಿತ್ತು, ಪ್ರತಿ ವರ್ಷದಂತೆ, ಗುಬ್ಬಿಗಿಂತ ತುಸು ದೊಡ್ಡ ಹಕ್ಕಿಗಳು. ನಡುವೆ ಒಂದು — ಅದೇ ಗಾತ್ರ, ಅವೇ ಗೆರೆಗಳು, ಆದರೆ ಹಳದಿಯೇ ಇಲ್ಲ. ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ. ಬೂದು, ಬಿಳಿ, ಕಂದು. ಪೈನ್ ಬಂಟಿಂಗ್! ಸೈಬೀರಿಯದ್ದು. ಈ ಜಿಲ್ಲೆಯಲ್ಲಿ ಈವರೆಗೆ ಒಬ್ಬರೂ ಕಂಡಿಲ್ಲ. ಇದರದ್ದು ಒಂದೇ ತಕರಾರು — ಒಂದೆಳೆ ಹಳದಿ ಇದ್ದರೂ ಅದು ಬೆರಕೆ, ಬೆರಕೆಗೆ ಲೆಕ್ಕವಿಲ್ಲ. ಅದಕ್ಕೇ ಹುಡುಕಿ ಹುಡುಕಿ ನೋಡಿದೆ. ಕತ್ತು, ಹೊಟ್ಟೆ, ಮಡಿಸಿದ ರೆಕ್ಕೆ. ಇಲ್ಲ, ಎಲ್ಲೂ ಇಲ್ಲ. ಬಾಲದ ಬಲಗಡೆ ಒಂದು ಗರಿ ಮುರಿದಿತ್ತು, ಅಷ್ಟೇ.

ಲೆಸ್ಲಿ ಕಾರಿನ ಬಾನೆಟ್ ಮೇಲೆ ಟೀ ಬಗ್ಗಿಸುತ್ತಿದ್ದ. ಕೂಗಿದೆ. ಅವನು ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಗಿಡುಗ ಬಂತು, ಹಿಂಡೆಲ್ಲ ಬೇಲಿ ದಾಟಿತು. ಕಂಡಿತಾ ಎಂದು ಕೇಳಿದೆ. ಹೂಂ, ಕಂಡಿತು ಎಂದ.

ಕ್ಯಾಮೆರಾ ಮನೆಯಲ್ಲಿ. ನನ್ನ ಹಣೆಬರಹ. ಹಕ್ಕಿಗಳ ಪುಸ್ತಕ ತೆರೆಯುವ ಮುಂಚೆ ಕಂಡದ್ದನ್ನು ಬರೆದಿಡಬೇಕು, ಅದು ನಮ್ಮವರ ನೇಮ. ಕಾರಿನಲ್ಲೇ ಕೂತು ಬರೆದೆ. ಆಮೇಲೆ ಎಲ್ಲರಿಗೂ ಸುದ್ದಿ ಕಳಿಸಿದೆ. ಸುದ್ದಿ ಮುಚ್ಚಿಡುವವರಿಗೆ ನಮ್ಮಲ್ಲಿ ಮೂರು ಕಾಸಿನ ಮರ್ಯಾದೆಯಿಲ್ಲ.

ಜಿಲ್ಲೆಯ ವಾರ್ಷಿಕ ವರದಿಯಲ್ಲಿ ಜಿಲ್ಲೆಗೇ ಹೊಸದಾದ ಒಂದು ಹಕ್ಕಿಯ ಮುಂದೆ ನನ್ನ ಹೆಸರು. ರೋಡಾ ಎಂದು, ಅಚ್ಚಿನಲ್ಲಿ. ಲೆಸ್ಲಿಗೂ ಅಂಥದ್ದು ಒಂದಿಲ್ಲ. ಸಂತೋಷವಾಗಿದೆ, ಏಕೆ ಸುಳ್ಳು ಹೇಳಲಿ. ಬಹಳ ಸಂತೋಷವಾಗಿದೆ.

ಡಿಸೆಂಬರ್ 14

ಮೂರು ದಿನ ಜನವೋ ಜನ. ಹೆರಿಕ್ ತನ್ನ ಅಂಗಳದಲ್ಲಿ ಕಾರು ನಿಲ್ಲಿಸಲು ಬಿಟ್ಟು, ಚರ್ಚಿನ ಚಾವಣಿ ರಿಪೇರಿಯ ಕಾಣಿಕೆಗೆಂದು ಒಂದು ಬಕೆಟ್ ಇಟ್ಟ. ಬಕೆಟ್ ತುಂಬಿತು. ಹಕ್ಕಿ ಮಾತ್ರ ಯಾರಿಗೂ ಸಿಗಲಿಲ್ಲ.

ಇವತ್ತು ಎಲ್ಲ ಖಾಲಿ. ಹೋಗುವಾಗ ಕ್ಲಿಫರ್ಡ್ ಪಿಂಚ್‌ಬೆಕ್ — ಅವನೂ ಸಮಿತಿಯವನೇ, ಗಡಿಯಾರದ ಅಂಗಡಿಯವ — ಟೋಪಿ ಸರಿಮಾಡಿಕೊಂಡು, "ರೋಡಾ, ಮುಂದಿನ ಸಲ ಅದರ ಕಾಲಿಗೆ ಒಂದು ದಾರ ಕಟ್ಟಿಬಿಡಿ" ಎಂದ. ಎಲ್ಲರೂ ನಕ್ಕರು. ಲೆಸ್ಲಿಯೂ.

ಜನವರಿ 16

ಬಂತು. ನಾನು ಕಳಿಸಿದ ವರ್ಣನೆಗೆ ಸಮಿತಿಯ ತೀರ್ಪು. ತಿರಸ್ಕೃತ.

ಜಿಲ್ಲೆಗೆ ಹೊಸ ಹಕ್ಕಿ ಎಂದರೆ ಐವರೂ ಒಪ್ಪಬೇಕು. ನಾಲ್ವರು ಒಪ್ಪಿದ್ದಾರೆ, ಒಬ್ಬರು ಇಲ್ಲ. ಕಾರಣ — 'ರೆಕ್ಕೆಯಲ್ಲಿ ಹಳದಿ ಇದ್ದಿರಬಹುದು'. ಒಬ್ಬರು ಯಾರು ಎಂದು ಬರೆಯುವುದಿಲ್ಲ. ಬರೆಯಬೇಕಾಗಿಯೂ ಇಲ್ಲ. ದಾರ ಕಟ್ಟಿ ಎಂದವನೇ.

ಲೆಸ್ಲಿಯನ್ನು ಕೇಳಿದೆ. ಸಮಿತಿಯ ಮಾತು ಹೊರಗೆ ಹೇಳುವಂತಿಲ್ಲ ಎಂದ. ಹೆಂಡತಿಯೂ ಹೊರಗಿನವಳೇ. ಒಲೆಯ ಮೇಲೆ ಎಲೆಕೋಸು ಸೀದಿತು, ಅದನ್ನೇ ಬಡಿಸಿದೆ. ಪೂರಾ ತಿಂದು ಎದ್ದ.

ಜನವರಿ 25

ಹಕ್ಕಿ ಕ್ಲಬ್ಬಿನ ಸಂಜೆ. ಟೀ ಕೊಡುವ ಸರದಿ ನನ್ನದು. ಸಾಲಾಗಿ ಎಲ್ಲರಿಗೂ ಬಗ್ಗಿಸುತ್ತ ಬಂದೆ, ಕ್ಲಿಫರ್ಡ್ ಕಪ್ಪು ಚಾಚಿದ, ದಾಟಿ ಮುಂದಿನವರಿಗೆ ಹೋದೆ. ಕಪ್ಪು ಹಿಡಿದೇ ನಿಂತಿದ್ದ. ಕೇಕ್ ಕೂಡ ಕೊಡಲಿಲ್ಲ. ಇಡೀ ಸಭೆ ನೋಡಿತು. ನೋಡಲಿ ಎಂದೇ ಮಾಡಿದ್ದು. ಲೆಸ್ಲಿ ನೆಲ ನೋಡುತ್ತಿದ್ದ.

ಫೆಬ್ರವರಿ 3, ಮಧ್ಯಾಹ್ನ

ಒಡ್ಡಿನ ಕೆಳಗಿನ ಮರದ ಗೂಡಿನಲ್ಲಿ, ಹಕ್ಕಿ ನೋಡಲು ಕಟ್ಟಿದ್ದು, ಒಬ್ಬಳೇ ಇದ್ದೆ. ಕ್ಲಿಫರ್ಡ್ ಬಂದ. ಎದ್ದು ಹೊರಟೆ. ಬಾಗಿಲಿಗೆ ಅಡ್ಡ ನಿಂತ.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಇನ್ನಾಗಲ್ಲ," ಎಂದ. "ನಾನು ಒಪ್ಪಿದ್ದೆ, ರೋಡಾ. ನೀವು ಬರೆದ ವರ್ಣನೆ ಓದಿದ್ರೆ ಕಲ್ಲೂ ಒಪ್ಪತ್ತೆ. ನಾವು ನಾಲ್ಕೂ ಜನ ಒಪ್ಪಿದ್ವಿ."

ನಾಲ್ಕೂ ಜನ. ಐವರಲ್ಲಿ ಉಳಿದವರು ಯಾರು ಎಂದು ಲೆಕ್ಕ ಹಾಕಲು ನನಗೆ ಎಷ್ಟು ಹೊತ್ತು ಬೇಕಾಯಿತು! ಹೆಂಡತಿಯ ಹಕ್ಕಿ, ನೀನು ಹೊರಗಿರು ಎಂದು ಇವರು ಲೆಸ್ಲಿಗೆ ಹೇಳಿದ್ದರಂತೆ. ಜೊತೆಗಿದ್ದವನು ನಾನು, ಸಾಕ್ಷಿ ಹೇಳಬೇಕು ಎಂದು ಹಟ ಹಿಡಿದು ಕೂತನಂತೆ. ಹಳದಿ ಕಣ್ಣಾರೆ ಕಂಡೆ ಎಂದನಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ. ಕ್ಷಮಿಸಿ ಎಂದೆ. "ಟೀ ಪರ್ವಾಗಿಲ್ಲ, ಕೇಕ್ ಕೊಡ್ಲಿಲ್ಲ ನೋಡಿ, ಅದು ಬೇಜಾರಾಯ್ತು" ಎಂದ, ಪಾಪ.

ಅದೇ ದಿನ, ಸಂಜೆ

ಕೇಳಿಯೇಬಿಟ್ಟೆ. ಲೆಸ್ಲಿ ಶೂಗೆ ಮೇಣ ಹಚ್ಚುತ್ತಿದ್ದ.

"ನಿನಗೆ ಹಳದಿ ಕಾಣಿಸ್ತಾ, ಲೆಸ್ಲಿ?"

ಶೂ ಉಜ್ಜುತ್ತಲೇ ಹೇಳಿದ. "ಟೀ ಬಗ್ಗಿಸ್ತಿದ್ದೆ ಕಣೆ. ನನಗೆ ಹಕ್ಕೀನೇ ಕಾಣಿಸ್ಲಿಲ್ಲ."

ಮತ್ತೆ ಅವತ್ತು ಕಂಡಿತು ಎಂದೆಯಲ್ಲ ಎಂದೆ. ನೀನು ಅಷ್ಟು ಖುಷಿಯಲ್ಲಿದ್ದೆ, ಅದಕ್ಕೆ ಎಂದ. ಸಮಿತಿಗೆ ಏಕೆ ಹಾಗೆ ಹೇಳಿದೆ ಎಂದಾಗ ಶೂ ಕೆಳಗಿಟ್ಟ.

"ನಲವತ್ತು ವರ್ಷ ಆ ಒಡ್ಡಿನ ಮೇಲೆ ನಿಂತಿದೀನಿ. ಜಿಲ್ಲೆಗೆ ಹೊಸದು ಅನ್ನೋದು ನನಗೆ ಒಂದೂ ಸಿಗ್ಲಿಲ್ಲ. ನೀನು ಸ್ಯಾಂಡ್‌ವಿಚ್ ಬಿಚ್ತಾ ಬಿಚ್ತಾ..."

ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ಕ್ಲಬ್ಬಿನಲ್ಲಿ ಎಲ್ಲರ ಮುಂದೆ ನಿಜ ಹೇಳು, ಇಲ್ಲದಿದ್ದರೆ ನಾನು ಈ ಮನೆಯಲ್ಲಿರುವುದಿಲ್ಲ ಎಂದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಫೆಬ್ರವರಿ 17

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದೇನು ಇತ್ತು. ಅವನು ಕೆಳಗಿನ ಕೋಣೆ, ನಾನು ಮೇಲಿನದು.

ಮೊನ್ನೆ ಕ್ಲಬ್ಬಿನಲ್ಲಿ ಹೇಳಿದ. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಹಕ್ಕಿ ನಾನು ನೋಡಲೇ ಇಲ್ಲ, ಹಳದಿ ಎಂದದ್ದು ಸುಳ್ಳು, ಸಮಿತಿ ಬಿಡುತ್ತೇನೆ ಎಂದು. ನಮ್ಮಲ್ಲಿ ಕುಡಿದವನನ್ನು, ಸಾಲ ಮಾಡಿದವನನ್ನು ಕ್ಷಮಿಸುತ್ತಾರೆ. ಕಾಣದ್ದನ್ನು ಕಂಡೆ ಎಂದವನು ಕೆಟ್ಟ.

ಈಗ ಅವನ ಹಳೆಯ ದಾಖಲೆಗಳನ್ನೆಲ್ಲ ತೆಗೆದು ಮತ್ತೆ ನೋಡುತ್ತಾರಂತೆ. ನಾವು ಮದುವೆಯಾದ ವರ್ಷ ಕಂಡ ಹಿಮಗೂಬೆಯೂ ಸೇರಿ. ಅದನ್ನು ನಾನೂ ನೋಡಿದ್ದೆ. ಇವತ್ತು ಒಡ್ಡಿನ ಮೇಲೆ ಒಬ್ಬರೂ ಅವನನ್ನು ಏನಾದರೂ ಇದೆಯಾ ಎಂದು ಕೇಳಲಿಲ್ಲ. ಬೇಗ ಮನೆಗೆ ಬಂದು ಮಲಗಿದ.

ನನ್ನ ಹಕ್ಕಿಯ ವಿಚಾರಣೆ ಮತ್ತೆ ನಡೆಯುತ್ತದೆ. ಲೆಸ್ಲಿಯ ಜಾಗಕ್ಕೆ ಹೊಸಬರು ಬಂದಿದ್ದಾರೆ. ಗೆದ್ದಂತೆಯೇ ಎಂದು ಕ್ಲಿಫರ್ಡ್ ಹೇಳುತ್ತಾನೆ. ಗೆದ್ದರೆ ಬಾಯಿ ಸಿಹಿಯಾಗಬೇಕಿತ್ತು. ಆಗಿಲ್ಲ.

ಫೆಬ್ರವರಿ 24, ಶನಿವಾರ

ಒಬ್ಬಳೇ ಹೋಗಿದ್ದೆ. ಹೆರಿಕ್ ಹೊಲದ ಮೂಲೆ. ಕ್ಯಾಮೆರಾ ಕತ್ತಿನಲ್ಲೇ ಇತ್ತು.

ಅದೇ ಹಕ್ಕಿ. ಬಾಲದ ಬಲಗಡೆಯ ಗರಿ ಮುರಿದಿದೆ, ಡಿಸೆಂಬರಿನಲ್ಲೂ ಹಾಗೇ ಇತ್ತು. ಬೇಲಿಯ ಮೇಲೆ ಕೂತು ಮೈ ಕೆದರಿ, ರೆಕ್ಕೆ ಪೂರಾ ಬಿಚ್ಚಿ ಚಾಚಿತು. ಫೋಟೊ ತೆಗೆದೆ. ಕಣ್ಣಲ್ಲಿ ನೀರು ಬಂದಿತ್ತು. ಇನ್ನು ಯಾರೂ ಬಾಯಿ ಬಿಡುವಂತಿಲ್ಲ ಎಂದುಕೊಂಡೆ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದೆ.

ಬಿಚ್ಚಿದ ರೆಕ್ಕೆಯ ಗರಿಗಳ ಅಂಚಿನಲ್ಲಿ ಹಳದಿ. ತೆಳ್ಳಗೆ, ಸೂಜಿಯಲ್ಲಿ ಹೊಲಿದ ಹಾಗೆ. ರೆಕ್ಕೆ ಮಡಿಸಿದರೆ ಕಾಣುವುದಿಲ್ಲ. ಬೆಳಕಿನ ತಪ್ಪು ಎಂದುಕೊಂಡೆ, ಬೇರೆ ಹಕ್ಕಿ ಎಂದುಕೊಂಡೆ. ಅಲ್ಲ. ಬೆರಕೆ. ಲೆಕ್ಕಕ್ಕಿಲ್ಲದ್ದು. ಅವನು ನೋಡದೇ ಹೇಳಿದ ಸುಳ್ಳು ನಿಜ, ನಾನು ನೋಡಿ ಹೇಳಿದ ನಿಜ ತಪ್ಪು.

ಲೆಸ್ಲಿ ಅಡುಗೆಮನೆಯಿಂದ ಕೇಳಿದ, "ಏನಾದ್ರೂ ಇತ್ತಾ?" ಎಷ್ಟೋ ದಿನದ ಮೇಲೆ ಅವನೇ ಮಾತಾಡಿಸಿದ್ದು.

"ಹಳದಿ ಬಂಟಿಂಗ್‌ಗಳು. ಅಷ್ಟೇ," ಎಂದೆ.

ನಂಬಿದ.

ಮಾರ್ಚ್ 2, ಸಂಜೆ 7

ಕ್ಲಿಫರ್ಡ್ ಫೋನ್. ಐವರೂ ಒಪ್ಪಿದರು. ಜಿಲ್ಲೆಯ ಮೊದಲ ಪೈನ್ ಬಂಟಿಂಗ್, ಕಂಡವರು ರೋಡಾ. ಅಭಿನಂದನೆ ಎಂದ. ಅದೇ ಉಸಿರಿನಲ್ಲಿ, ಲೆಸ್ಲಿಯ ಹಿಮಗೂಬೆ ದಾಖಲೆಯಿಂದ ಹೋಯಿತು ಎಂದ.

ಲೆಸ್ಲಿಗೆ ಎರಡನ್ನೂ ಹೇಳಿದೆ. ಎದ್ದು ಕಿಟಕಿ ಮುಚ್ಚಿದ. ಆಮೇಲೆ, "ನಿನ್ನ ಹೆಸರು ಸರಿಯಾಗಿ ಅಚ್ಚು ಹಾಕ್ತಾರಾ ನೋಡ್ಕೋ" ಎಂದು, ಕ್ರಿಸ್‌ಮಸ್‌ಗೆ ತೆಗೆಯದೇ ಉಳಿದ ಶೆರ್ರಿ ವೈನಿನ ಬಾಟಲಿ ಹುಡುಕಲು ಹೋದ. ನಾನು ಮೇಲೆ ಬಂದು ಬಾಗಿಲು ಹಾಕಿಕೊಂಡೆ.

ವಾರದಿಂದ ಆ ಫೋಟೊ ಅಳಿಸಬೇಕು ಎಂದುಕೊಳ್ಳುತ್ತೇನೆ, ಆಗುವುದಿಲ್ಲ. ತೋರಿಸಿದರೆ ಅವನು ಹೇಳಿದ್ದು ಸುಳ್ಳೇ ಆಗಿರುತ್ತದೆ, ಕಂಡಿಲ್ಲವಲ್ಲ. ಆದರೆ ಊರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದ್ದು ಅವನೊಬ್ಬನೇ ಅಲ್ಲ. ಅವನನ್ನು ನಿಲ್ಲಿಸಿದವಳು ನಾನು. ಈಗ ಮುಚ್ಚಿಟ್ಟವಳೂ ನಾನು.

ಕೆಳಗಿನಿಂದ ಕರೆದ. ಬಂದೆ ಎಂದೆ. ಹೋಗಲಿಲ್ಲ. ಅವನೇ ಮೆಟ್ಟಿಲು ಹತ್ತಿ ಬರುತ್ತಿದ್ದಾನೆ, ಕೈಯಲ್ಲಿ ಎರಡು ಗ್ಲಾಸಿನ ಸದ್ದು. ಫೋಟೊ ಪರದೆಯ ಮೇಲೇ ಇದೆ, ರೆಕ್ಕೆ ಪೂರಾ ಬಿಚ್ಚಿಕೊಂಡು, ನಾನು ಅದನ್ನು —