ಬಡ್ಡಿಗೂ ಆಸಕ್ತಿಗೂ ಒಂದೇ ಪದ

ಮಾರ್ಚ್ ೯, ಭಾನುವಾರ

ಮಗಳೇ,

ಆಶೀರ್ವಾದ ಬರೆದು ಶುರುಮಾಡುವುದು ವಾಡಿಕೆ. ಬರೆಯಲು ಹೋದೆ, ಪೆನ್ನು ಮುಂದಕ್ಕೆ ಸರಿಯಲಿಲ್ಲ. ನೀನು ಗಂಡನ ಜೊತೆ ಚೆನ್ನಾಗಿದ್ದೀಯೆಂದು ನಿನ್ನ ಚಿಕ್ಕಮ್ಮ ಹೇಳಿದಳು. ಆದ್ದರಿಂದ ಅದನ್ನೂ ಕೇಳುವುದಿಲ್ಲ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಪತ್ರ.

ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ. ನಗಬೇಡ. ನೀನು ಊರು ಬಿಟ್ಟ ಮೇಲೆ ಬ್ಯಾಂಕಿನಲ್ಲಿ ನನ್ನ ಬಾಯಿ ನಿಂತುಹೋಗಿತ್ತು. ಚೆಕ್ ತುಂಬಿಸಲು ಪಕ್ಕದ ಗ್ಯಾರೇಜಿನವನ ಕಾಲು ಹಿಡಿಯಬೇಕು, ಸ್ಟೇಟ್‌ಮೆಂಟ್ ಓದಿಸಲು ಮೇಲಿನ ಮನೆಯವಳಿಗೆ ಹಲ್ಲು ಗಿಂಜಬೇಕು. ಸಾಕಾಯಿತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ಸಂಜೆ ಕ್ಲಾಸು ನಡೆಯುತ್ತದೆ. ವ್ಯಾಪಾರಕ್ಕೂ ಬ್ಯಾಂಕಿಗೂ ಬೇಕಾದಷ್ಟು ಇಂಗ್ಲಿಷ್ ಕಲಿಸುತ್ತಾರೆ. ನಾನು, ಒಬ್ಬ ಕ್ಷೌರಿಕ, ಹೂವಿನ ಅಂಗಡಿಯವಳು, ಲಾರಿ ಓಡಿಸುವ ಅಣ್ಣತಮ್ಮಂದಿರು. ಟೀಚರು ನಿನಗಿಂತ ಚಿಕ್ಕವಳು, ಆದರೆ ನಿನ್ನ ಹಾಗೆ ಹುಬ್ಬು ಹಾರಿಸುವುದಿಲ್ಲ.

ಬ್ಯಾಲೆನ್ಸ್ ಎಂದರೆ ಬೀಳದ ಹಾಗೆ ನಿಲ್ಲುವುದೂ ಹೌದಂತೆ, ಖಾತೆಯಲ್ಲಿ ಉಳಿದದ್ದೂ ಹೌದಂತೆ. ಚೆಕ್ ಬೌನ್ಸ್ ಆಗುವುದೆಂದರೆ ಚೆಂಡಿನ ಹಾಗೆ ಪುಟಿದು ವಾಪಸು ಬರುವುದು ಎಂದಾಗ ಕ್ಷೌರಿಕ, "ಹಂಗಾದ್ರೆ ನಮ್ಮ ಭಾವಮೈದ ಇಲ್ಲಿವರೆಗೂ ಕೊಟ್ಟಿದ್ದೆಲ್ಲ ರಬ್ಬರ್ ಚೆಕ್ಕೇ ಬಿಡಿ" ಎಂದ. ನಾನೂ ನಕ್ಕೆ. ಆಮೇಲೆ ಇಂಟರೆಸ್ಟ್ ಎಂದರೆ ಬಡ್ಡಿ ಎಂದು ಬಾಯಿಪಾಠ ಮಾಡಿದೆ. ಆ ಒಂದು ಪದ ನನ್ನ ನಗು ನಿಲ್ಲಿಸಿತು.

ಅಂಗಡಿಯ ಕಟ್ಟಡ ಮಾರಾಟಕ್ಕೆ ಬಂದ ದಿನಗಳು ನಿನಗೆ ನೆನಪಿರಬೇಕು. ಮಾಲೀಕರು ತಾವಾಗಿಯೇ ಬಂದು, "ಬೇರೆಯವರಿಗೆ ಮಾತು ಕೊಡೋ ಮುಂಚೆ ನಿಮ್ಮನ್ನ ಕೇಳ್ತಿದೀನಿ ಅಮ್ಮ, ಬ್ಯಾಂಕಿನೋರು ಒಪ್ಪಿದ್ರೆ ನೀವೇ ತಗೊಳಿ" ಎಂದಿದ್ದರು. ನಿನ್ನಪ್ಪ ಮೊದಲ ಸೋಫಾ ಹೊಲಿದ ಜಾಗ ಅದು. ಅವರು ತೀರಿಹೋದ ಮೇಲೆ ನಾನು ದಬ್ಬಣ ಹಿಡಿದೆ, ಫೋಮ್ ಕತ್ತರಿಸಿದೆ, ರೆಕ್ಸಿನ್ ಎಳೆದು ಮೊಳೆ ಹೊಡೆದು ಕಿರುಬೆರಳಿನ ಉಗುರು ಕಳೆದುಕೊಂಡೆ. ನಿನ್ನ ಓದಿನ ಫೀಸು ಅಲ್ಲಿಂದಲೇ ಬಂದದ್ದು.

ಸಾಲ ಕೇಳಲು ನಾವಿಬ್ಬರೂ ಬ್ಯಾಂಕಿಗೆ ಹೋದೆವು. ಕನ್ನಡ ಬಾರದ ಆಫೀಸರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನೀನು ಏನೋ ಹೇಳಿದೆ. ಆಮೇಲೆ ನನ್ನ ಕಡೆ ತಿರುಗಿ, "ಆಗಲ್ವಂತೆ ಅಮ್ಮ" ಎಂದೆ. ಯಾಕಂತೆ ಎಂದು ಕೇಳಿದ್ದಕ್ಕೆ, "ಇಂಥ ಸಣ್ಣ ಕೆಲಸದೋರಿಗೆ ಅವ್ರು ಕೊಡಲ್ವಂತೆ, ಏಳು" ಎಂದೆ. ನಾನು ಎದ್ದು, ಆ ಮನುಷ್ಯನಿಗೆ ಕೈ ಮುಗಿದು ಹೊರಗೆ ಬಂದೆ. ಆತ ನನ್ನನ್ನು ವಿಚಿತ್ರವಾಗಿ ನೋಡಿದ. ಬಡವರ ನಮಸ್ಕಾರ ಅಂಥವರಿಗೆ ವಿಚಿತ್ರವಾಗಿಯೇ ಕಾಣುತ್ತದೆ ಎಂದುಕೊಂಡೆ.

ಕಟ್ಟಡ ಇನ್ನೊಬ್ಬನ ಪಾಲಾಯಿತು. ನಾನು ಗ್ಯಾರೇಜಿನ ಹಿಂದೆ, ತಗಡಿನ ಕೆಳಗೆ ಸೇರಿಕೊಂಡೆ. ನಾನು ಹೊಲಿದ ಕುಶನ್ನಿನಲ್ಲಿ ಡೀಸೆಲ್ ವಾಸನೆ ಎಂದು ಗಿರಾಕಿಗಳು ಮೂಗು ಮುಚ್ಚುತ್ತಾರೆ. ನೀನು ಬೇರೆ ಊರಿನಲ್ಲಿ ಕೆಲಸ ಹಿಡಿದೆ, ಮದುವೆಯಾದೆ. ಹಣೆಬರಹ ಎಂದು ಸುಮ್ಮನಿದ್ದೆ.

ಹೋದ ವಾರ ಹಲ್ಲಿನ ಡಾಕ್ಟರು ತಮ್ಮ ಕುರ್ಚಿಯ ಹೊಲಿಗೆಗೆ ಕೊಟ್ಟ ಚೆಕ್ ಹಿಡಿದು ಒಬ್ಬಳೇ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿಗೆ ಇಂಗ್ಲಿಷಿನಲ್ಲೇ ಹೇಳಿದೆ, ಇದನ್ನು ನನ್ನ ಖಾತೆಗೆ ಹಾಕಬೇಕು ಎಂದು. ಅವಳು ಎರಡನೇ ಸಲ ಕೇಳಲಿಲ್ಲ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅದೇ ಆಫೀಸರು ಗುರುತು ಹಿಡಿದು ಕರೆದರು. ಕುಶಲ ಕೇಳಿದರು. ಕಟ್ಟಡದ ಮಾತು ಬಂತು. ನಿಮ್ಮ ಮಗಳು 'ನಾಟ್ ಇಂಟರೆಸ್ಟೆಡ್' ಅಂದರು ಎಂದರು.

ನನಗೆ ಗೊತ್ತಿದ್ದ ಇಂಟರೆಸ್ಟ್ ಒಂದೇ. ಬಡ್ಡಿ ಇಲ್ಲದೆ ಏನೋ ಕೊಡುತ್ತಾರೆಂದುಕೊಂಡು, ಪೆದ್ದಿಯ ಹಾಗೆ ಮುಖ ಅರಳಿಸಿ ಥ್ಯಾಂಕ್ಯೂ ಎಂದೆ. ಅವರು ಪೆನ್ನು ಕೆಳಗಿಟ್ಟು, ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದರು: "ವಿ ಸೆಡ್ ಯೆಸ್. ಶಿ ಸೆಡ್ ನೋ."

ಇದಕ್ಕೆ ಕ್ಲಾಸು ಬೇಕಿಲ್ಲ, ಅಲ್ಲವೇ?

ಸಂಜೆ ಟೀಚರನ್ನು ಕೇಳಿದೆ. ಇಂಟರೆಸ್ಟ್ ಎಂದರೆ ಆಸಕ್ತಿ ಎಂದೂ ಆಗುತ್ತದೆ ಅಮ್ಮ ಎಂದಳು. ಬಡ್ಡಿಗೂ ಆಸಕ್ತಿಗೂ ಒಂದೇ ಪದ ಇಟ್ಟುಕೊಂಡ ಜನ ಎಂಥ ಲೆಕ್ಕಾಚಾರದವರಿರಬೇಕು! ನನಗೆ ಆಸಕ್ತಿಯಿಲ್ಲವಂತೆ. ನನ್ನ ಅಂಗಡಿಯಲ್ಲಿ ನನಗೆ ಆಸಕ್ತಿಯಿಲ್ಲ ಎಂದು, ನನ್ನ ಪಕ್ಕದಲ್ಲೇ ಕೂತು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೇಳಿದಳಂತೆ. ಕಳ್ಳನಾದರೆ ಬೆನ್ನ ಹಿಂದೆ ಕದಿಯುತ್ತಾನೆ. ನೀನು ನನ್ನ ಮುಖ ನೋಡುತ್ತಲೇ ಕದ್ದೆ.

ಯಾಕೆ ಎಂದು ಬರೆ. ಬರೆಯದಿದ್ದರೂ ನಡೆಯುತ್ತದೆ. ಇನ್ನು ಈ ಮನೆಯ ಬಾಗಿಲಿಗೆ ಬರಬೇಡ.

ನಿನ್ನನ್ನು ಹೆತ್ತವಳು

*

ಮಾರ್ಚ್ ೧೫

ಅಮ್ಮನಿಗೆ,

ನಿನ್ನ ಪತ್ರ ಬಂತು. ನಾನೂ ನಮಸ್ಕಾರ ಬರೆಯುವುದಿಲ್ಲ, ಸರಿಹೋಯಿತಲ್ಲ.

ಹೌದು, ನಾನೇ ಹೇಳಿದ್ದು. ಯಾಕೆ ಎಂದು ಕೇಳಿದ್ದೀಯ. ಹುಟ್ಟಿದಾಗಿನಿಂದ ನನ್ನನ್ನು ನೀನು ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು, ಹಾಗಾಗಿ ಉತ್ತರ ಪೂರ್ತಿ ಕೊಡುತ್ತೇನೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನೀನು ಒಂದು ದಿನ ಶಾಲೆ ತಪ್ಪಿಸಿ ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂತರೆ ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಅಂದಿನಿಂದ ಬ್ಯಾಂಕು, ವಿದ್ಯುತ್ ಕಚೇರಿ, ಸಾಲ ಕೊಟ್ಟ ರೆಕ್ಸಿನ್ ಕಂಪನಿಯವನು, ಎಲ್ಲರ ಮುಂದೆಯೂ ನಾನೇ. ಅಪ್ಪ ಇದ್ದಾಗ ಪ್ರೀತಿಯಿಂದ ಗಿಣಿ ಎಂದು ಕರೆಯುತ್ತಿದ್ದರು. ನೀನು ಅದನ್ನೇ ಉದ್ಯೋಗ ಮಾಡಿದೆ. "ಏಯ್ ಗಿಣಿ, ಅವ್ರು ಏನಂತಾರೆ ಹೇಳು. ಜೋರಾಗಿ ಹೇಳು. ಸರಿಯಾಗಿ ಹೇಳು." ತಪ್ಪಾದರೆ ಮನೆಗೆ ಬಂದ ಮೇಲೆ ತಲೆಗೊಂದು ಮೊಟಕು.

ನಾನು ಸುಳ್ಳು ಹೇಳಿದ್ದು ಒಂದೇ ಸಲ ಎಂದುಕೊಂಡಿದ್ದೀಯ. ದಿನಾ ಹೇಳುತ್ತಿದ್ದೆ. 'ಈ ಹೆಂಗಸಿಗೆ ನೆಟ್ಟಗೆ ಒಂದು ಸಹಿ ಹಾಕಲೂ ಬರುವುದಿಲ್ಲವೇ' ಎಂದು ಕ್ಲರ್ಕು ಇಂಗ್ಲಿಷಿನಲ್ಲಿ ಹೇಳಿದರೆ, 'ನಿನ್ನ ಸಹಿ ಚೆನ್ನಾಗಿದೆಯಂತೆ ಅಮ್ಮ' ಎಂದೆ. ನೀನು ನಾಚಿಕೊಂಡು ನಕ್ಕೆ. 'ಹಿಂದೆ ಹೋಗಿ ನಿಲ್ಲಲು ಹೇಳು, ಮೈಯೆಲ್ಲ ಫೆವಿಕಾಲಿನ ನಾತ' ಎಂದರೆ, 'ಸ್ವಲ್ಪ ಹೊತ್ತು ಆರಾಮಾಗಿ ಕೂತ್ಕೋಬೇಕಂತೆ' ಎಂದೆ. ಆ ಮಾತುಗಳೆಲ್ಲ ನನ್ನ ಕಿವಿಯೊಳಗೆ ಹೋದವು, ಹೊರಗೆ ಬರಲಿಲ್ಲ. ನಿನಗಾದ ಅವಮಾನಕ್ಕೆಲ್ಲ ನಾನು ಮುಸುಕು ಹಾಕುತ್ತಲೇ ಬೆಳೆದೆ.

ಇನ್ನು ಆ ದಿನದ ಕಥೆ. ಆಫೀಸರು ಒಪ್ಪಿದ್ದರು, ಒಂದು ಷರತ್ತಿನ ಮೇಲೆ. ಸಾಲ ತೀರುವ ತನಕ ನಾನು ನಿನ್ನ ಜೊತೆ ವ್ಯಾಪಾರದಲ್ಲಿರಬೇಕು, ಜೊತೆಗೆ ಸಹಿ ಹಾಕಬೇಕು. ನಾನು ಅದನ್ನು ನಿನಗೆ ಹೇಳುವ ಮೊದಲೇ, ಅವರು ನನ್ನ ಕಡೆ ಕೈ ತೋರಿಸಿದ್ದನ್ನು ನೋಡಿ ಊಹಿಸಿ, ನೀನು ನನ್ನ ಮೊಣಕೈ ತಿವಿದು ಹೇಳಿದ ಮಾತು ನೆನಪಿದೆಯೇ? "ಇವಳು ಎಲ್ಲೂ ಹೋಗಲ್ಲ, ನನ್ ಜೊತೇನೇ ಇರ್ತಾಳೆ, ಬರ್ಕೊಳಿ ಅಂತ ಹೇಳು." ನನಗೆ ಕೆಲಸ ಸಿಕ್ಕಿದ ಪತ್ರ ಆಗ ನನ್ನ ಬ್ಯಾಗಿನಲ್ಲಿತ್ತು. ಹಿಂದಿನ ದಿನವೇ ಹೇಳಲು ಬಂದಿದ್ದೆ. "ಆಮೇಲೆ ಹೇಳು, ಮೊದಲು ಈ ದಾರ ಹಿಡ್ಕೋ" ಎಂದಿದ್ದೆ ನೀನು.

ನನ್ನನ್ನು ಕಟ್ಟಿಹಾಕುವ ಮಾತನ್ನು ನೀನು ನನ್ನ ಬಾಯಿಂದಲೇ ಆಡಿಸಹೊರಟೆ. ನಾನು ಆಡಲಿಲ್ಲ, 'ನಾಟ್ ಇಂಟರೆಸ್ಟೆಡ್' ಎಂದೆ. ಅಷ್ಟು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಕೂತು ನಾನು ನನಗೋಸ್ಕರ ಹೇಳಿದ ಒಂದೇ ಮಾತು ಅದು.

ನಿನ್ನ ಅಂಗಡಿ ಹೋದದ್ದಕ್ಕೆ ನಿದ್ದೆಗೆಟ್ಟಿದ್ದೇನೆ. ಆದರೆ ಕ್ಷಮೆ ಕೇಳುವುದಿಲ್ಲ. ಈ ಇಂಗ್ಲಿಷ್ ಕ್ಲಾಸಿಗೆ ನೀನು ಆಗಲೇ ಹೋಗಿದ್ದರೆ ನಮ್ಮಿಬ್ಬರಿಗೂ ಈ ಗತಿ ಬರುತ್ತಿರಲಿಲ್ಲ. ಬಾಗಿಲಿಗೆ ಬರಬೇಡ ಎಂದಿದ್ದೀಯ, ಬರುವುದಿಲ್ಲ.

ಮಗಳು

*

ಮಾರ್ಚ್ ೨೪

ಮಗಳೇ,

ಪತ್ರ ತಲುಪಿತು. ಓದಿ ಫೋಮಿನ ರಾಶಿಯ ಕೆಳಗೆ ತುರುಕಿದೆ, ಮತ್ತೆ ತೆಗೆದು ಓದಿದೆ.

ಸಹಿಯ ವಿಷಯ ಗೊತ್ತಿರಲಿಲ್ಲ. ಆ ಹೊಗಳಿಕೆಯನ್ನು ನಿನ್ನ ಚಿಕ್ಕಮ್ಮನ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದೆನೋ. ಅದನ್ನೂ ನೀನು ಕಿತ್ತುಕೊಂಡೆ. ನಾಲ್ಕನೇ ಕ್ಲಾಸಿನ ಮಗುವನ್ನು ಅಂಥವರ ಮುಂದೆ ಕೂರಿಸಿದ್ದು ತಪ್ಪು ಎಂದು ಈಗ ಹೇಳುತ್ತೀಯ. ಆಗ ಇನ್ಯಾರನ್ನು ಕೂರಿಸಬೇಕಿತ್ತು? ನಿನ್ನಪ್ಪನ ಫೋಟೋವನ್ನೇ? ನೀನು ಹೇಳಿದ್ದೂ ನಿಜವಿರಬಹುದು. ನನ್ನ ಅಂಗಡಿ ಹೋದದ್ದೂ ನಿಜ. ಒಂದರಲ್ಲಿ ಇನ್ನೊಂದನ್ನು ಕಳೆದುಬಿಡಲು ನನಗೆ ಬರುವುದಿಲ್ಲ. ಅಂಥ ಲೆಕ್ಕವನ್ನು ಟೀಚರೂ ಕಲಿಸಿಲ್ಲ.

ಕೆಲಸದ ಪತ್ರ ಬ್ಯಾಗಿನಲ್ಲಿತ್ತು ಎಂದಿದ್ದೀಯ. ಬೇಡ ಎನ್ನುವುದಿದ್ದರೆ ನನಗೆ ಕನ್ನಡದಲ್ಲಿ ಹೇಳಬಹುದಿತ್ತು. ನಾನು ಬೈಯುತ್ತಿದ್ದೆ, ಅಳುತ್ತಿದ್ದೆ, ದಬ್ಬಣ ಎಸೆಯುತ್ತಿದ್ದೆ. ಆದರೆ ಆ ಮನುಷ್ಯನಿಗೆ ಕೈ ಮುಗಿದು ಹೊರಗೆ ಬರುತ್ತಿರಲಿಲ್ಲ. ನನಗೆ ಉರಿಯುವುದು ಅದೇ. ಕಟ್ಟಡ ಸುಟ್ಟುಹೋಗಲಿ.

ಹೋದ ವಾರ ಕ್ಲಾಸಿನಲ್ಲಿ ಕೊಟೇಶನ್ ಬರೆಯುವುದನ್ನು ಕಲಿಸಿದರು. ಬ್ಯಾಂಕಿನ ಹೊರಗೋಣೆಯ ಸೋಫಾಗಳು ಹರಿದು ಸ್ಪ್ರಿಂಗು ಚುಚ್ಚುತ್ತಿವೆ. ಅವುಗಳಿಗೆ ಬಟ್ಟೆ, ಫೋಮು, ಕೂಲಿ ಎಲ್ಲ ಸೇರಿಸಿ ನಾನೇ ಬರೆದು ಕೊಟ್ಟು ಬಂದೆ. ಅಡ್ವಾನ್ಸ್ ಕೊಡದೆ ಕೆಲಸ ಮುಟ್ಟುವುದಿಲ್ಲ ಎಂದೂ ಹೇಳಿದೆ. ಕೊಡುತ್ತಾರೋ ಬಿಡುತ್ತಾರೋ. ನಿನ್ನ ಸಹಾಯ ಬೇಕಿಲ್ಲ, ಅದನ್ನು ತಿಳಿಸಲೆಂದೇ ಬರೆದೆ.

ಬಾಗಿಲಿನ ಮಾತು ಹಾಗೆಯೇ ಇರಲಿ. ನನಗಿನ್ನೂ ಕೋಪ ಇಳಿದಿಲ್ಲ, ಇಳಿಯುತ್ತದೆಂದೂ ಅನ್ನಿಸುವುದಿಲ್ಲ.

ಅಮ್ಮ

ಮರೆತ ಮಾತು: ಅವತ್ತು ಆಫೀಸರು 'ಶಿ ಸೆಡ್ ನೋ' ಎಂದಾಗ ಅವರ ಕೋಣೆಯಲ್ಲಿ ಇನ್ನೂ ಇಬ್ಬರಿದ್ದರು. ಎಂಥ ಮಗಳು ಎಂಬ ಹಾಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎದ್ದು ನಿಂತು, "ಐ ಸೆಡ್ ನೋ. ಶಿ ಓನ್ಲಿ ಟೋಲ್ಡ್ ಯು" ಎಂದು ಹೇಳಿಯೇ ಹೊರಗೆ ಬಂದದ್ದು. ಟೀಚರನ್ನು ಕೇಳಿದೆ, ವಾಕ್ಯದಲ್ಲಿ ತಪ್ಪೇನೂ ಇಲ್ಲವಂತೆ.