‘ಮಗ್ಗುಲು’ ಎಂಬಲ್ಲಿಗೆ ಮುಗಿದ ತನಿಖೆ

ಹಠಾತ್ ಸಾವುಗಳ ತನಿಖೆ ನಡೆಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳು ಹೇಗೆ ಸತ್ತಳೆಂದು ನಿಮ್ಮ ಕಚೇರಿಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಬರೆಯಲು ನಾಚಿಕೆಯಾಗಿ, ನನ್ನಿಂದಲೇ ಸತ್ತಳೆಂದು ಬರೆದು ಕೈತೊಳೆದುಕೊಂಡಿದ್ದೀರಿ. ಈಗ ನನ್ನ ತೊಡೆಯ ಮೇಲೆ ಅವಳ ತಮ್ಮನಿದ್ದಾನೆ. ಅಕ್ಕ ಹೋದ ವಯಸ್ಸಿಗೆ ಅವನೂ ಬರುತ್ತಿದ್ದಾನೆ. ನನಗೆ ಭಯವಾಗುತ್ತಿದೆ, ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನ ಮಗಳಿಗೆ ಹಾಲು ಕುಡಿಸಿ, ತೇಗಿಸಿ, ತೊಟ್ಟಿಲಲ್ಲಿ ಅಂಗಾತ ಮಲಗಿಸಿದೆ. ಕಾಲುಗಳಿರುವ ಮರದ ತೊಟ್ಟಿಲು, ನನ್ನ ಮಂಚದ ಪಕ್ಕದಲ್ಲೇ ಇತ್ತು. ನಾನೂ ಮಂಚದ ಮೇಲೆ ಅಡ್ಡಾದೆ. ಎದ್ದು ನೋಡಿದರೆ ಅವಳ ಕೈ ತಣ್ಣಗಿತ್ತು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಬೆಳಿಗ್ಗೆಯಷ್ಟೇ ಅಪ್ಪನ ಕನ್ನಡಕ ಕಿತ್ತುಕೊಂಡು ನಕ್ಕಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ನಿಮ್ಮ ತನಿಖಾಧಿಕಾರಿ ನಿಂತುಕೊಂಡೇ ಕೇಳಿದರು.

“ಮಗು ಎಲ್ಲಿ ಮಲಗಿತ್ತಮ್ಮಾ?”

“ನನ್ನ ಮಗ್ಗುಲಲ್ಲೇ ಸಾರ್.”

ಅಲ್ಲಿಗೆ ತನಿಖೆ ಮುಗಿಯಿತು. ‘ತಾಯಿ ಮಗ್ಗುಲು ಬದಲಿಸುವಾಗ ಶಿಶು ಮೈಯಡಿ ಸಿಕ್ಕಿ ಉಸಿರುಗಟ್ಟಿದೆ’ ಎಂದು ವರದಿಯಾಯಿತು. ಮಾನ್ಯರೇ, ಮಗ್ಗುಲು ಎಂದರೆ ಪಕ್ಕ. ನಮ್ಮ ಮನೆಯ ಮಗ್ಗುಲಲ್ಲಿ ಇಸ್ತ್ರಿ ಅಂಗಡಿಯಿದೆ ಎಂದರೆ ಮನೆ ಅಂಗಡಿಯ ಮೇಲೆ ಕುಸಿದಿದೆ ಎಂದರ್ಥವೇ? ನಿಮ್ಮ ವರದಿ ನಿಜವಾಗಬೇಕಾದರೆ ನಾನು ನಿದ್ದೆಗಣ್ಣಲ್ಲಿ ಮಂಚ ಇಳಿದು, ತೊಟ್ಟಿಲ ಕಟಕಟೆ ಹತ್ತಿ, ಒಳಗೆ ಹೊರಳಿ, ಮತ್ತೆ ಬಂದು ಮಲಗಿರಬೇಕು. ಒಮ್ಮೆ ಮನೆಗೆ ಬಂದು ಕೋಣೆ ನೋಡಿದ್ದರೆ ಸಾಕಿತ್ತು. ನಾನು ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಹಂತಗಳಿಲ್ಲದೆ ಬರೀ ಉತ್ತರ ಬರೆದ ಮಕ್ಕಳಿಗೆ, ಯಾರದ್ದು ನೋಡಿ ಬರೆದೆ ಎಂದು ಕೇಳುತ್ತೇನೆ. ನಿಮ್ಮನ್ನು ಕೇಳುವವರು ಯಾರು?

ತಿದ್ದಿಕೊಡಿ ಎಂದು ನಿಮ್ಮ ಕಚೇರಿಗೆ ಬಂದಾಗ ಗುಮಾಸ್ತರು ನನ್ನ ಒಳ್ಳೆಯದಕ್ಕೇ ಎಂಬಂತೆ ದನಿ ತಗ್ಗಿಸಿದರು: “ಕೇಸ್ ಹಾಕಿಲ್ವಲ್ಲಮ್ಮಾ, ಪುಣ್ಯ ಅಂದ್ಕೊಳ್ಳಿ. ಮುಗಿದಿದ್ದನ್ನ ಯಾಕೆ ಕೆದಕ್ತೀರಿ?” ಮನೆಯಲ್ಲಿ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ, “ಪಾಪ, ಬೇಕಂತ ಮಾಡಿದ್ಲಾ?” ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ನಾನು ಎಲ್ಲಿಡಲಿ?

ನನ್ನ ಮಾನದ ಮಾತು ಹಾಗಿರಲಿ. ಮಗನನ್ನು ನೋಡುವ ಮಕ್ಕಳ ವೈದ್ಯೆ ಹೇಳಿದ್ದು ಬೇರೆ. “ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತೆ, ಹೊರಗೆ ಕಾಣಲ್ಲ. ಒಂದೇ ಮನೇಲಿ ಇನ್ನೊಂದು ಮಗೂಗೂ ಬರಬಹುದು. ಅಕ್ಕ ಯಾಕೆ ಹೋದ್ಲು ಅಂತ ಗೊತ್ತಾದ್ರೆ ಇವನಲ್ಲಿ ಏನು ಹುಡುಕ್ಬೇಕು ಅಂತ ನಂಗೂ ಗೊತ್ತಾಗುತ್ತೆ.” ಶವಪರೀಕ್ಷೆ ಮಾಡಿದವರಿಗೆ ಕಾರಣವನ್ನು ನೀವು ಮೊದಲೇ ಒದಗಿಸಿದ್ದಿರಲ್ಲ, ಅವರು ಮುಂದೆ ಹುಡುಕಲಿಲ್ಲ. ಆಗ ತೆಗೆದಿಟ್ಟ ರಕ್ತ ಇನ್ನೂ ಪ್ರಯೋಗಾಲಯದಲ್ಲಿದೆಯಂತೆ, ಯಾರೂ ಮುಟ್ಟದೆ.

ಮಗು ಮಲಗಿದರೆ ಸಾಕಪ್ಪಾ ಎನ್ನುವ ಮನೆಗಳನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ನಾವು ಮಲಗಿದ ಮಗುವನ್ನು ಎಬ್ಬಿಸಿ ಅಳಿಸುತ್ತೇವೆ. ಅತ್ತರೆ ಜೀವ ಬಂದಂತಾಗುತ್ತದೆ. “ನೀನು ಸ್ವಲ್ಪ ಮಲ್ಕೋ, ನಾನು ನೋಡ್ಕೋತೀನಿ” ಎಂದು ಗಂಡ ಕೂರುತ್ತಾರೆ. ಅವರ ಬೆರಳು ಮಗನ ಮೂಗಿನ ಕೆಳಗೇ ಇರುತ್ತದೆ.

ಹೇಳಲೂ ಹೆದರುವ ಮಾತೊಂದನ್ನು ಹೇಳಿಬಿಡುತ್ತೇನೆ. ನಿಮ್ಮ ವರದಿಯೇ ನಿಜವಾಗಿರಲಿ ಎಂದು ಒಮ್ಮೊಮ್ಮೆ ಬೇಡಿಕೊಳ್ಳುತ್ತೇನೆ. ಅದು ನಿಜವಾದರೆ ನಾನು ಮಗಳನ್ನು ಕೊಂದವಳು, ಆದರೆ ಮಗನಿಗೆ ಏನೂ ಆಗುವುದಿಲ್ಲ. ಸುಳ್ಳಾದರೆ ನಾನು ನಿರಪರಾಧಿ, ಅವನ ಎದೆಯೊಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಒಬ್ಬ ತಾಯಿ ಇಂಥದ್ದನ್ನು ಬೇಡಿಕೊಳ್ಳುವ ಹಾಗೆ ಮಾಡಿದ್ದೀರಿ.

ಆದ್ದರಿಂದ ಆ ರಕ್ತವನ್ನು ಪರೀಕ್ಷೆಗೆ ಕಳಿಸಿ. ಮಕ್ಕಳ ವೈದ್ಯರನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬನ್ನಿ, ತೊಟ್ಟಿಲು ನೋಡಿ, ಕೂತು ಕೇಳಿ. ತಪ್ಪು ನನ್ನದೇ ಎಂದು ಸಾಬೀತಾದರೆ ಸಹಿ ಹಾಕುತ್ತೇನೆ. ಏನೂ ತಿಳಿಯದಿದ್ದರೆ ‘ತಿಳಿದಿಲ್ಲ’ ಎಂದೇ ಬರೆಯಿರಿ. ಆಗಲಾದರೂ ವೈದ್ಯರು ಹುಡುಕುವುದನ್ನು ಬಿಡುವುದಿಲ್ಲ. ತಡಮಾಡಬೇಡಿ. ನಿನ್ನೆ ನನ್ನ ಮಗ ಅಪ್ಪನ ಕನ್ನಡಕಕ್ಕೆ ಕೈ ಹಾಕಿದ.

ಇಂತಿ,
ಮಗನ ಮಗ್ಗುಲಲ್ಲಿ, ಅಂದರೆ ಪಕ್ಕದಲ್ಲಿ,
ಕಣ್ಣು ಮುಚ್ಚಲು ಹೆದರುವ ಒಬ್ಬ ತಾಯಿ